ಬೇಸಿಗೆ ಅಂದ್ರೆ ಹೊಳೆ ದಾಟೋ ಕಾಲ

1/8 · ದಾರಿ ತೆರೆಯೋದು

ಬಯಲುಸೀಮೆಯವರಿಗೆ ಬೇಸಿಗೆ ಅಂದ್ರೆ ನೆರಳು ಹುಡುಕೋ ಕಾಲ. ಮಲೆನಾಡಿನವರಿಗೆ ಅದು ಮನೆಯಿಂದ ಹೊರಗೆ ಬೀಳೋ ಕಾಲ. ಸಾಗರ, ಸೊರಬ, ಹೊಸನಗರ, ಸಿದ್ದಾಪುರ, ಶಿರಸಿ. ಈ ಐದು ತಾಲ್ಲೂಕಿನ ಜನ ರಜೆ, ಟೂರು, ರೆಸಾರ್ಟ್ ಅನ್ನೋ ಪದಗಳು ಬರೋಕೆ ಮುಂಚೆ ಬೇಸಿಗೆಯಲ್ಲಿ ಎಲ್ಲಿಗೆ ಹೋಗ್ತಿದ್ರು, ಏನು ಮಾಡ್ತಿದ್ರು ಅನ್ನೋದೇ ಈ ಸರಣಿ. ಎಂಟು ಭಾಗ ಇದೆ, ನಿಧಾನಕ್ಕೆ ಓದಿ.

ಮೊದಲು ಇಲ್ಲಿನ ವರ್ಷದ ಲೆಕ್ಕ ತಿಳ್ಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಇಲ್ಲಿ ಊರು ಅಂದ್ರೆ ಒತ್ತೊತ್ತಾಗಿ ಕಟ್ಟಿದ ಬೀದಿಯಲ್ಲ. ತೋಟದ ತಲೆಗೊಂದು ಮನೆ, ಗುಡ್ಡದ ಆಚೆ ಇನ್ನೊಂದು ಮನೆ, ನಡುವೆ ಹಳ್ಳ. ಹಳ್ಳ ತುಂಬಿದರೆ ಆಚೆ ಮನೆಗೂ ಈಚೆ ಮನೆಗೂ ಇರೋ ಸಂಬಂಧ ಒಂದು ಮರದ ಸಂಕ ಮಾತ್ರ. ಮಳೆ ಮುಗಿಯೋ ಹೊತ್ತಿಗೆ ಗದ್ದೆ ಕೊಯ್ಲು, ಅದರ ಬೆನ್ನಿಗೇ ಅಡಿಕೆ ಕೊಯ್ಲು. ಕೊನೆ ಇಳಿಸು, ಸುಲಿ, ಬೇಯಿಸು, ಒಣಗಿಸು. ಶಿವರಾತ್ರಿ ಹತ್ತಿರ ಬಂದಾಗಲೇ ಕೈ ಖಾಲಿಯಾಗೋದು.

ಅಲ್ಲಿಂದ ರೋಹಿಣಿ ಮಳೆ, ಮೃಗಶಿರ ಮಳೆ ಬೀಳೋವರೆಗೆ ಸುಮಾರು ಮೂರು ತಿಂಗಳು. ಹೊಳೆ ಬತ್ತಿ ಬಂಡೆ ಮೇಲೇಳುತ್ತೆ, ಗದ್ದೆ ಒಣಗಿ ಅಡ್ಡದಾರಿ ಆಗುತ್ತೆ. ಮದುವೆ, ಜಾತ್ರೆ, ಆಟ, ಬೇಟೆ, ತವರು, ನೆಂಟರ ಮನೆ ಎಲ್ಲವನ್ನೂ ಈ ಮೂರು ತಿಂಗಳಿಗೇ ತುಂಬಿಸಬೇಕು. ಹಾಗಾಗಿ ಇಲ್ಲಿನ ಬೇಸಿಗೆ ತಿರುಗಾಟದ ಇತಿಹಾಸ ಅಂದ್ರೆ ನಿಜಕ್ಕೂ ದಾರಿಗಳ ಇತಿಹಾಸ. ಯಾವ ದಾರಿ ತೆರೀತು, ಯಾರಿಗೆ ತೆರೀತು, ಯಾವುದು ಶಾಶ್ವತವಾಗಿ ಮುಚ್ಚಿತು ಅನ್ನೋದನ್ನ ಗಮನಿಸ್ತಾ ಬನ್ನಿ.

2/8 · ಕೆರೆಬೇಟೆ

ಈ ಫೋಟೋದಲ್ಲಿ ಜನರ ಕೈಯಲ್ಲಿರೋ ಬುಟ್ಟಿ ನೋಡಿ. ಮೇಲೆ ಕಿರಿದು, ಕೆಳಗೆ ಅಗಲ, ಎರಡೂ ಕಡೆ ತೆರೆದಿರುತ್ತೆ. ಇದರ ಹೆಸರು ಕೂಣಿ, ಬಿದಿರಿನದು. ಕೆಸರಿಗೆ ಕೂಣಿ ಊರೋದು, ಒಳಗೆ ಮೀನು ಬಡಿದ ಸದ್ದಾದರೆ ಮೇಲಿನ ಬಾಯಿಂದ ಕೈ ಹಾಕಿ ಹಿಡಿಯೋದು, ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕೋದು. ಬಲೆ ಇಲ್ಲ, ಗಾಳ ಇಲ್ಲ.

ಸೊರಬ, ಸಾಗರ, ಶಿಕಾರಿಪುರದ ಕಡೆ ಬೇಸಿಗೆಯಲ್ಲಿ ಕೆರೆ ನೀರು ಮೊಣಕಾಲು, ತೊಡೆ ಮಟ್ಟಕ್ಕೆ ಇಳಿದಾಗ ಊರಿನವರು ದಿನ ಗೊತ್ತು ಮಾಡಿ ಸುತ್ತಲ ಊರಿಗೆ ಹೇಳಿ ಕಳಿಸ್ತಾರೆ. ಆ ದಿನ ನೂರಾರು ಜನ ಏರಿ ಮೇಲೆ ಸಾಲಾಗಿ ನಿಲ್ತಾರೆ. ಪೂಜೆ ಆಗುತ್ತೆ, ಅಪ್ಪಣೆ ಸಿಗುತ್ತೆ, ಎಲ್ಲರೂ ಒಟ್ಟಿಗೇ ಇಳೀತಾರೆ. ಒಬ್ಬನೇ ಇಳಿದ್ರೆ ಮೀನು ತಪ್ಪಿಸ್ಕೊಳ್ಳುತ್ತೆ. ನೂರು ಜನ ಇಳಿದ್ರೆ ನೀರು ಕಲಕಿ ಅದೇ ದಿಕ್ಕೆಟ್ಟು ಕೂಣಿಗೆ ಬೀಳುತ್ತೆ. ಅಂದ್ರೆ ಈ ಬೇಟೆ ನಡೆಯೋಕೆ ಗುಂಪೇ ಬೇಕು. ಪಕ್ಕದೂರಿನವರನ್ನ ಕರೆಯೋದು ಬರೀ ಔದಾರ್ಯ ಅಲ್ಲ, ಅವರಿಲ್ಲದೆ ನಿಮಗೂ ಮೀನಿಲ್ಲ.

ಈ ಸೀಮೆಯಲ್ಲಿ ಕೆರೆಗಳ ನೆನಪು ಬಹಳ ಹಿಂದಕ್ಕೆ ಹೋಗುತ್ತೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನವನ್ನ ನಾವು ಕದಂಬ ಮಯೂರಶರ್ಮನ ಕಥೆಗಾಗಿ ಓದ್ತೀವಿ. ಆದ್ರೆ 5ನೇ ಶತಮಾನದ ಆ ಶಾಸನ ದಾಖಲಿಸೋ ಮುಖ್ಯ ಕೆಲಸ ಕಾಕುತ್ಸ್ಥವರ್ಮ ದೇವಾಲಯದ ಬಳಿ ಕಟ್ಟಿಸಿದ ಒಂದು ಕೆರೆ. ರಾಜವಂಶದ ಕಥೆಯೆಲ್ಲ ಆ ಕೆರೆಗೆ ಬರೆದ ಪೀಠಿಕೆ ಅಂದ್ರೂ ತಪ್ಪಿಲ್ಲ.

ಈಗೀಗ ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಿಸ್ಕೊಂಡು ಬೇಟೆಗೆ ಬಿಡೋದು ರೂಢಿ. ಆ ದುಡ್ಡು ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತೆ. ಕೆಲವು ಕೆರೆಗಳು ಮೀನು ಸಾಕಣೆಗೆ ಹರಾಜಾಗಿ, ಅಲ್ಲಿ ಬೇಟೆಯೇ ನಿಂತಿದೆ. 2024ರಲ್ಲಿ 'ಕೆರೆಬೇಟೆ' ಅನ್ನೋ ಹೆಸರಲ್ಲೇ ಸಿನಿಮಾ ಬಂತು, ಬೆಂಗಳೂರಿನವರಿಗೂ ಪದ ಗೊತ್ತಾಯ್ತು. ಆದ್ರೆ ಕೆರೆ ಊರಿನದ್ದಾಗಿ ಉಳಿಯದೆ ಬೇಟೆ ಮಾತ್ರ ಉಳಿಯೋಕಾಗಲ್ಲ.

3/8 · ಮಿಡಿ ಕೊಯ್ಯೋಕೆ ಹೋಗೋದು

ಮೀನು ತಿನ್ನದ ಮನೆಗಳಿಗೂ ಹೊಳೆಗೆ ಹೋಗೋ ಕಾರಣ ಒಂದಿತ್ತು: ಅಪ್ಪೆಮಿಡಿ. ಇದು ತೋಟದಲ್ಲಿ ನೆಟ್ಟ ಮಾವಲ್ಲ. ಹೊಳೆದಂಡೆಯಲ್ಲಿ, ಕಾಡಿನಂಚಲ್ಲಿ ತಾನಾಗೇ ಹುಟ್ಟಿ ದೈತ್ಯನಾಗಿ ಬೆಳೆದ ಮರ. ಹಣ್ಣಾದರೆ ಅಷ್ಟೇನೂ ರುಚಿ ಇಲ್ಲ, ಮಿಡಿಯಾಗಿದ್ದಾಗಲೇ ಅದರ ಬೆಲೆ.

ಮಿಡಿ ಕೊಯ್ಯೋದು ಸುಮ್ಮನೆ ಕಲ್ಲು ಹೊಡೆದು ಬೀಳಿಸೋ ಕೆಲಸವಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಮಿಡಿ ಇಡೀ ಭರಣಿ ಕೆಡಿಸುತ್ತೆ. ಹಾಗಾಗಿ ಮರ ಹತ್ತುವವನು ಬುಟ್ಟಿಯನ್ನ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಎಳ್ಕೊಳ್ತಾನೆ, ತೊಟ್ಟು ಸಮೇತ ಕೊಯ್ದು ತುಂಬಿ, ಮಗುವನ್ನ ಇಳಿಸಿದ ಹಾಗೆ ಕೆಳಗೆ ಬಿಡ್ತಾನೆ. ಕೆಳಗಿದ್ದವರು ತೊಟ್ಟು ಉಳಿಸಿ, ಸೊನೆ ಹೋಗದ ಹಾಗೆ ಬೇರೆ ಮಾಡ್ತಾರೆ. ಆ ಸೊನೆಯಲ್ಲೇ ಪರಿಮಳ, ಬಾಳಿಕೆ ಎರಡೂ ಇರೋದು. ಆಮೇಲೆ ಉಪ್ಪಿಗೆ ಹಾಕಿ, ಮಿಡಿ ಚಿರುಟಿದ ಮೇಲೆ ಸಾಸಿವೆ, ಮೆಣಸಿನ ಖಾರ. ಸರಿಯಾಗಿ ಹಾಕಿದ ಉಪ್ಪಿನಕಾಯಿ ವರ್ಷಗಟ್ಟಲೆ ಗಟ್ಟಿಯಾಗೇ ಇರುತ್ತೆ.

ಒಂದೊಂದು ಮರಕ್ಕೂ ಹೆಸರು. ಅನಂತ ಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಪುರಪ್ಪೆಮನೆ ಅಪ್ಪೆ, ಜೀರಿಗೆ ವಾಸನೆ ಬರೋ ಜೀರಿಗೆ ಮಿಡಿ. ಮರದ ಹೆಸರಲ್ಲೇ ಊರು ಅಥವಾ ಮನೆಯ ಹೆಸರು ಸೇರ್ಕೊಂಡಿರುತ್ತೆ. ಹೊಳೆಸಾಲಿನ ಮರಗಳು ಬಹಳಷ್ಟು ಕಡೆ ಯಾರೊಬ್ಬರ ಆಸ್ತಿಯೂ ಆಗಿರಲಿಲ್ಲ. ಮೊದಲು ಹೋದವರಿಗೆ ಮಿಡಿ, ಆದ್ರೆ ಮರ ಮುಂದಿನ ವರ್ಷಕ್ಕೂ ಬೇಕು ಅನ್ನೋ ಲೆಕ್ಕ ಎಲ್ಲರಿಗೂ ಇತ್ತು.

ಪೇಟೆಯಲ್ಲಿ ಮಿಡಿಗೆ ಬೆಲೆ ಬಂದ ಮೇಲೆ ಆ ಲೆಕ್ಕ ತಪ್ಪಿತು. ಹತ್ತೋ ಬದಲು ಕೊಂಬೆಗಳನ್ನೇ ಕಡಿದು ಇಳಿಸಿದ್ರು. ಕೊಂಬೆ ಕಡಿಸ್ಕೊಂಡ ಮರ ಎಷ್ಟೋ ವರ್ಷ ಕಾಯಿ ಬಿಡಲ್ಲ, ಕೆಲವು ಸತ್ತೇ ಹೋದವು. ಒಳ್ಳೆ ಸುದ್ದಿಯೂ ಇದೆ. ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಲವು ತಳಿಗಳನ್ನ ಸಂಗ್ರಹಿಸಿ ಕಾಪಾಡ್ತಿದೆ. ಊರುಗಳಲ್ಲೂ ಕಸಿ ಕಟ್ಟೋ ಆಸಕ್ತರು ಹಳೇ ಮರದ ಕಡ್ಡಿ ತಂದು ಗಿಡ ಮಾಡ್ತಿದ್ದಾರೆ. ತಳಿ ಉಳಿಯುತ್ತೆ. ಇಡೀ ಮನೆ ಬುತ್ತಿ ಕಟ್ಕೊಂಡು ಹೊಳೆದಂಡೆಗೆ ಹೋಗಿ ಸಂಜೆ ತಿರುಗಿ ಬರ್ತಿದ್ದ ಆ ದಿನಕ್ಕೆ ಮಾತ್ರ ಕಸಿ ಕಟ್ಟೋಕಾಗಲ್ಲ.

4/8 · ಜಾತ್ರೆ ಮತ್ತು ಆಟ

ದೂರದ ತಿರುಗಾಟ ಅಂದ್ರೆ ಜಾತ್ರೆ. ಶಿರಸಿ ಮಾರಿಕಾಂಬೆಯದ್ದು ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಕಾಂಬೆಯದ್ದು ಮೂರು ವರ್ಷಕ್ಕೊಮ್ಮೆ. ಎರಡೂ ಫೆಬ್ರವರಿ–ಮಾರ್ಚ್ ಹೊತ್ತಿಗೆ, ಅಂದ್ರೆ ಅಡಿಕೆ ದುಡ್ಡು ಕೈಗೆ ಬಂದು ಮಳೆ ಇನ್ನೂ ದೂರ ಇರೋವಾಗ. ಗಾಡಿ ಕಟ್ಟಿ ಎರಡು ದಿನದ ದಾರಿ ಹೋಗೋಕೂ ಇದೇ ಸರಿಯಾದ ಸಮಯ. ಮಕ್ಕಳಿಗೆ ಬಳೆ, ಪೀಪಿ, ಬೆಂಡು ಬತ್ತಾಸು. ದೊಡ್ಡವರಿಗೆ ವರ್ಷದ ಪಾತ್ರೆ ಪಡಗ, ಮದುವೆ ಮಾತುಕತೆ.

ಜಾತ್ರೆ ಯಾವಾಗಲೂ ಈಗಿನ ಹಾಗೇ ಇತ್ತು ಅಂದ್ಕೊಬೇಡಿ. ಶಿರಸಿಯಲ್ಲಿ ಒಂದು ಕಾಲಕ್ಕೆ ಕೋಣ ಬಲಿ ನಡೀತಿತ್ತು. ಗಾಂಧೀಜಿ 1934ರಲ್ಲಿ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದ ಕಾಲಕ್ಕೇ ಅದು ನಿಂತ ಕಥೆಯನ್ನ ಊರಿನ ಹಿರಿಯರು ಇವತ್ತಿಗೂ ಹೇಳ್ತಾರೆ. ನೂರಾರು ವರ್ಷದ ಪದ್ಧತಿಯನ್ನ ಊರಿನವರೇ ಕೂತು ಬದಲಾಯಿಸಿದ್ರು, ಜಾತ್ರೆ ಚಿಕ್ಕದಾಗಲಿಲ್ಲ. 'ಹಿಂದಿನಿಂದ ಬಂದಿದ್ದು, ಬಿಡೋಕಾಗಲ್ಲ' ಅನ್ನೋವರಿಗೆ ಹೇಳೋಕೆ ಒಳ್ಳೆ ಉದಾಹರಣೆ.

ಇನ್ನು ಆಟ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡೋದು ಮಳೆ ಮುಗಿದ ಮೇಲೆ, ಗೆಜ್ಜೆ ಬಿಚ್ಚೋದು ಮಳೆ ಬರೋ ಮುಂಚೆ. ಘಟ್ಟದ ಕೆಳಗಿನ ಮೇಳಗಳು ಘಟ್ಟ ಹತ್ತಿ ಬರ್ತಿದ್ದವು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರನ್ನ ನೀವು ಕೇಳಿರ್ತೀರಿ. ಕೊಯ್ದ ಗದ್ದೆಯೇ ರಂಗಸ್ಥಳ. ಊಟ ಮುಗಿಸಿ ಸೂಡಿ ಹಚ್ಕೊಂಡು ನಾಲ್ಕೈದು ಮೈಲಿ ನಡೆದು ಹೋಗೋದು, ಚಾಪೆ ಹಾಸಿ ಬೆಳಗಿನ ಮಂಗಳದವರೆಗೆ ಕೂರೋದು. ಮಕ್ಕಳು ಕೋಡಂಗಿ ನೋಡಿ ಮಲಗಿಬಿಡ್ತಿದ್ರು, ಚಂಡೆ ಜೋರಾದಾಗ ಅಮ್ಮ ಎಬ್ಬಿಸಿ 'ನೋಡು, ರಾಕ್ಷಸ ಬಂದ' ಅಂತಿದ್ಲು.

5/8 · ಬಿಡುವು ಯಾರಿಗಿತ್ತು?

ಇಲ್ಲಿ ಸ್ವಲ್ಪ ನಿಲ್ಲೋಣ. ಇಷ್ಟು ಹೊತ್ತು ಓದಿ 'ಆಹಾ, ಎಂಥಾ ಕಾಲ' ಅನ್ನಿಸಿದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ಈ ಮೂರು ತಿಂಗಳು ನಿಜಕ್ಕೂ ಬಿಡುವು ಇದ್ದಿದ್ದು ಯಾರಿಗೆ?

ಹೆಂಗಸರಿಗೆ ಬೇಸಿಗೆ ಅಂದ್ರೆ ತವರಿಗೆ ಹೋಗೋ ಹದಿನೈದು ದಿನ. ಉಳಿದಿದ್ದು ಮಳೆಗಾಲಕ್ಕೆ ಕೂಡಿಡೋ ಕೆಲಸ. ಹಲಸಿನಕಾಯಿ ಬಿಡಿಸಿ, ಬೇಯಿಸಿ, ಒರಳಲ್ಲಿ ಕುಟ್ಟಿ, ಹಪ್ಪಳ ಒತ್ತೋದು. ಒಬ್ಬರಿಂದ ಆಗೋದಲ್ಲ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಅಂತ ಮುಯ್ಯಾಳು ಲೆಕ್ಕದಲ್ಲಿ ನಡೀತಿತ್ತು. ಆ ಜಗಲಿಯೇ ಅವರ ಪಿಕ್‌ನಿಕ್. ವರ್ಷದಲ್ಲಿ ಆಚೆಮನೆ, ಈಚೆಮನೆ, ಮೇಲಿನಮನೆಯವರು ಗಂಡಸರಿಲ್ಲದೆ ಒಟ್ಟಿಗೆ ಕೂತು ನಗೋಕೆ ಸಿಗ್ತಿದ್ದ ಕೆಲವೇ ದಿನಗಳವು. ಮಕ್ಕಳಿಗೆ ಕಾಗೆ ಕಾಯೋ ಕೆಲಸ, ಸಂಬಳ ಹಪ್ಪಳದ ಹಸಿ ಹಿಟ್ಟು.

ಗೇಣಿದಾರರ ಮನೆಯಲ್ಲಿ ಲೆಕ್ಕವೇ ಬೇರೆ. ಬೆಳೆದ ಭತ್ತದಲ್ಲಿ ಒಡೆಯರ ಪಾಲು ಅಳೆದುಕೊಟ್ಟ ಮೇಲೆ ಬೇಸಿಗೆ ದಾಟೋಕೆ ಎಷ್ಟು ಉಳೀತು ಅನ್ನೋದೇ ಚಿಂತೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಶುರುವಾಗಿದ್ದೇ ಗೇಣಿ ಅಳೆಯೋ ಕೊಳಗದ ಗಾತ್ರದ ಮೇಲೆ. 1951ರ ಏಪ್ರಿಲ್‌ನಲ್ಲಿ, ಇದೇ ಬೇಸಿಗೆಯಲ್ಲಿ, ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿದ್ರು, ಸಾಲು ಸಾಲಾಗಿ ಬಂಧನಕ್ಕೊಳಗಾದ್ರು. ದೀವರ ಸಮಾಜದವರೇ ಹೆಚ್ಚಾಗಿದ್ದ ಈ ಹೋರಾಟಕ್ಕೆ ಎಚ್. ಗಣಪತಿಯಪ್ಪ ಮುಂದಾಳು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತ್ರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದ್ರು. ದೇವರಾಜ ಅರಸು ಕಾಲದ ಭೂಸುಧಾರಣೆ 1974ರಲ್ಲಿ ಜಾರಿಗೆ ಬರೋವರೆಗೆ 'ಉಳುವವನೇ ಹೊಲದೊಡೆಯ' ಅನ್ನೋದು ಕೂಗಾಗೇ ಇತ್ತು.

ಬೇಸಿಗೆ ತಿರುಗಾಟದ ಸರಣಿಯಲ್ಲಿ ಇದು ಯಾಕೆ ಅಂತೀರಾ? ಬಿಡುವು ಅನ್ನೋದು ಹವಾಮಾನದಿಂದ ಮಾತ್ರ ಬರಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳನ್ನ ನಿಶ್ಚಿಂತೆಯಿಂದ ಜಾತ್ರೆಗೆ ಕರ್ಕೊಂಡು ಹೋಗೋಕೆ ಆಗಿದ್ದು ಗದ್ದೆ ಪಹಣಿಯಲ್ಲಿ ತಮ್ಮ ಹೆಸರು ಬಂದ ಮೇಲೇ.

6/8 · ನೀರಿಲ್ಲದ ಜೋಗ

'ಬೇಸಿಗೆಯಲ್ಲಿ ಜೋಗಕ್ಕೆ ಹೋಗಿ ಏನು ನೋಡ್ತೀರಾ, ಬರೀ ಬಂಡೆ' ಅಂತ ಈಗ ಎಲ್ಲರೂ ಹೇಳ್ತಾರೆ. ಆ ಬಂಡೆಗೂ ಒಂದು ಇತಿಹಾಸ ಇದೆ.

ಶರಾವತಿ 253 ಮೀಟರ್ ಧುಮುಕೋ ಈ ಜಾಗ 1956ರವರೆಗೆ ಎರಡು ಆಡಳಿತಗಳ ಗಡಿಯಾಗಿತ್ತು. ಈ ದಡ ಮೈಸೂರು, ಆ ದಡ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ. ಎರಡೂ ಕಡೆ ಒಂದೊಂದು ಬಂಗಲೆ. ಆ ದಡದ್ದನ್ನ ಜನ ಬಾಂಬೆ ಬಂಗಲೆ ಅಂತಲೇ ಕರೀತಿದ್ರು. ಬ್ರಿಟಿಷರು ಇದನ್ನ ಗೇರುಸೊಪ್ಪೆ ಜಲಪಾತ ಅಂತ ಬರೆದ್ರು, ಆದ್ರೆ ಗೇರುಸೊಪ್ಪೆ ಊರಿರೋದು ಘಟ್ಟದ ಕೆಳಗೆ, ಹೊಳೆ ಇಳಿದು ಹೋದ ಮೇಲೆ. ಬೇಸಿಗೆಯಲ್ಲಿ ನೀರು ಇಳಿದಾಗ ಧೈರ್ಯ ಇದ್ದವರು ನೆತ್ತಿ ಮೇಲಿನ ಬಂಡೆಗೆ ಹೋಗಿ, ಹೊಟ್ಟೆ ಊರಿ ಮಲಗಿ, ರಾಜನ ಅಂಚಿನಿಂದ ಕೆಳಗೆ ಇಣುಕ್ತಿದ್ರು. ನೀವು ಮಾತ್ರ ಈಗ ಆ ಸಾಹಸಕ್ಕೆ ಹೋಗಬೇಡಿ.

ರೈಲು ಸಾಗರ ದಾಟಿ ತಾಳಗುಪ್ಪಕ್ಕೆ ಬಂದಿದ್ದು 1940ರ ಆಸುಪಾಸಿಗೆ. ಮೈಸೂರು, ಬೆಂಗಳೂರಿನವರಿಗೆ ಜೋಗ 'ಟೂರ್' ಆಗಿದ್ದು ಆಮೇಲೆ. ಮೀಟರ್ ಗೇಜ್ ಹಳಿ ಮೇಲೆ ಬಸ್ಸಿನ ಹಾಗೇ ಓಡ್ತಿದ್ದ ರೈಲ್ ಬಸ್ ನೆನಪಿದೆಯಾ? ಬ್ರಾಡ್‌ಗೇಜ್ ಬಂದು ಅದು ಹೋಯ್ತು. ರೈಲು ಬಂದ ಹೊತ್ತಿಗೇ ಹೊಳೆಯನ್ನ ವಿದ್ಯುತ್ತಿಗೆ ತಿರುಗಿಸೋ ಕೆಲಸವೂ ಶುರುವಾಗಿತ್ತು. 1948ರಲ್ಲಿ ವಿದ್ಯುತ್ ಹರಿಯಿತು. ಇವತ್ತು ಅದನ್ನೇ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಅಂತ ಕರೀತೀವಿ. ಅಂದ್ರೆ ಜೋಗಕ್ಕೆ ಹೋಗೋದು ಸುಲಭ ಆಗ್ತಾ ಬಂದ ಹಾಗೆ ಬೇಸಿಗೆಯ ಜೋಗದಲ್ಲಿ ನೀರು ಕಮ್ಮಿ ಆಗ್ತಾ ಬಂತು.

7/8 · ಬೇಸಿಗೆಯಲ್ಲಿ ಮೇಲೇಳೋ ಅಣೆಕಟ್ಟು

ಈ ಸರಣಿಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ಫೋಟೋ ಇದು. ಒಣಗಿದ ಕೆಂಪು ಬಯಲು, ನಡುವೆ ಕಲ್ಲಿನ ಅಣೆಕಟ್ಟು. ಇದು ಮಡೆನೂರು ಡ್ಯಾಂ. ಕಾಗದದಲ್ಲಿ ಹಿರೇಭಾಸ್ಕರ ಅಣೆಕಟ್ಟು. 1948ರ ಆ ಮೊದಲ ವಿದ್ಯುತ್ತಿಗೆ ನೀರು ಹಿಡಿದಿಟ್ಟಿದ್ದು ಇದೇ. ನೀರಿನ ಮಟ್ಟ ಮಿತಿ ಮೀರಿದರೆ ತಾನಾಗೇ ಹೊರಹಾಕೋ ಸೈಫನ್‌ಗಳು ಇದರ ವಿಶೇಷ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವಿನ್ಯಾಸ ಅದು.

ಅಷ್ಟು ಹೆಮ್ಮೆಯಿಂದ ಕಟ್ಟಿದ ಅಣೆಕಟ್ಟಿನ ಆಯಸ್ಸು ಇಪ್ಪತ್ತು ವರ್ಷವೂ ಇಲ್ಲ. 1964ರಲ್ಲಿ ಹೊಳೆಯ ಕೆಳಭಾಗದಲ್ಲಿ ಲಿಂಗನಮಕ್ಕಿ ಬಂತು. 1819 ಅಡಿ ಮಟ್ಟ, ಸುಮಾರು 151 ಟಿಎಂಸಿ ನೀರು. ಆ ಹಿನ್ನೀರಲ್ಲಿ ಮೊದಲಿನ ಅಣೆಕಟ್ಟೇ ಮುಳುಗಿತು. ಅದರ ಜೊತೆ ಊರುಗಳು, ತೋಟಗಳು, ದೇವರ ಬನಗಳು, ಹೊಳೆಸಾಲಿನ ಅಪ್ಪೆ ಮರಗಳು. ಆ ನೀರಿನಿಂದ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೀತು, ಇಡೀ ರಾಜ್ಯಕ್ಕೆ ಬೆಳಕಾಯ್ತು. ಇದನ್ನ ಅಲ್ಲಗಳೆಯೋಕಾಗಲ್ಲ. ಆದ್ರೆ ಎದ್ದು ಹೋದ ಎಷ್ಟೋ ಕುಟುಂಬಗಳ ಭೂಮಿ ಹಕ್ಕಿನ ತಕರಾರು ಇವತ್ತಿಗೂ ಮುಗಿದಿಲ್ಲ. ಸಾಗರದಲ್ಲೇ ಇದ್ದು ಈ ನೋವನ್ನ ಬರೆದವರು ನಾ. ಡಿಸೋಜ. ಅವರ 'ದ್ವೀಪ' ಕಾದಂಬರಿಯನ್ನ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ರು.

1/8ರಲ್ಲಿ ಹೇಳಿದ ಮಾತು ನೆನಪಿಸ್ಕೊಳ್ಳಿ: ಬೇಸಿಗೆ ಅಂದ್ರೆ ಹೊಳೆ ದಾಟೋ ಕಾಲ. ಹಿನ್ನೀರಿನ ಆಚೆ ಉಳಿದ ಕರೂರು, ತುಮರಿ ಕಡೆಯ ಜನಕ್ಕೆ ಆ ಕಾಲವೇ ಹೋಯ್ತು. ನಡೆದು ದಾಟ್ತಿದ್ದ ಹೊಳೆ ವರ್ಷವಿಡೀ ತುಂಬಿದ ಹೊಳೆಯಾಯ್ತು. ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ಕಾಯಬೇಕಿತ್ತು. ಕಡು ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿನಲ್ಲಿ ವಾಹನ ಹಾಕೋದೂ ಬಂದ್ ಆಗ್ತಿತ್ತು. ಪ್ರವಾಸಿಗಳು ಲಾಂಚ್ ಸವಾರಿಯನ್ನ ಮಜಾ ಅಂದ್ಕೊಂಡು ವಿಡಿಯೋ ಮಾಡ್ತಿದ್ದಾಗ ಪಕ್ಕದಲ್ಲಿ ನಿಂತವರಿಗೆ ಅದು ದಿನದ ದಾರಿಯಾಗಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೀತು. ಲಿಂಗನಮಕ್ಕಿ ಕಟ್ಟಿ ಅರವತ್ತೊಂದು ವರ್ಷ ಆದ ಮೇಲೆ.

ಮಳೆ ಕಡಿಮೆಯಾದ ವರ್ಷ, ಏಪ್ರಿಲ್–ಮೇನಲ್ಲಿ ನೀರು ತಳ ಹಿಡಿದಾಗ ಮಡೆನೂರು ಡ್ಯಾಂ ಮೇಲೇಳುತ್ತೆ. ನೋಡೋಕೆ ಜನ ಬೈಕು, ಕಾರು ತಗೊಂಡು ಬರ್ತಾರೆ. ಅದರ ಸುತ್ತ ಹಳೇ ರಸ್ತೆ, ಮರದ ಬೊಡ್ಡೆ, ಮನೆ ಪಾಯ ಕಾಣುತ್ತೆ. ಅಲ್ಲಿಗೆ ಹೋದ್ರೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಪಾಯದ ಮೇಲೆ ಬಾಟಲಿ ಒಡೆಯಬೇಡಿ. ಅದು ಯಾರದೋ ಜಗಲಿ.

8/8 · ಮಳೆ ಹಿಡಿಯೋ ಮುಂಚೆ

ಬೇಸಿಗೆಯ ಕೊನೇ ತಿರುಗಾಟ ರಾತ್ರಿಯದು. ಮೊದಲ ದೊಡ್ಡ ಮಳೆಗೆ ಹಳ್ಳಕ್ಕೆ ಹೊಸ ನೀರು ಬಂದಾಗ ಮೀನು ಮೊಟ್ಟೆ ಇಡೋಕೆ ಹೊಳೆಯಿಂದ ಗದ್ದೆಗೆ ಹತ್ತಿ ಬರುತ್ತೆ. ಹತ್ತುಮೀನು ಅಂತಾರೆ. ಟಾರ್ಚು, ಕತ್ತಿ ಹಿಡಿದು ಗದ್ದೆ ಬದುವಿನಲ್ಲಿ ಕಾಯೋದು ಮಲೆನಾಡಿನ ಹುಡುಗರ ದೊಡ್ಡ ಹಬ್ಬ. ಹಿಂದೆ ನಾಲ್ಕು ಮನೆಯವರು ಹೋಗ್ತಿದ್ರು, ಸಾರಿಗಾಗುವಷ್ಟು ಸಿಕ್ರೆ ಸಾಕಿತ್ತು. ಈಗ ವಾಟ್ಸಾಪಿನಲ್ಲಿ ಸುದ್ದಿ ಹರಡಿ ದೂರದಿಂದ ಜನ ಬರ್ತಾರೆ. ಹೊಟ್ಟೆ ತುಂಬಾ ಮೊಟ್ಟೆ ಇರೋ ಮೀನನ್ನ ಚೀಲಗಟ್ಟಲೆ ಹೊತ್ತೊಯ್ದರೆ ಮುಂದಿನ ವರ್ಷ ಹತ್ತೋಕೆ ಏನು ಉಳಿಯುತ್ತೆ ಹೇಳಿ.

ಒಟ್ಟು ನೋಡಿದ್ರೆ ಈ ಎಂಟೂ ಭಾಗದಲ್ಲಿ ಒಂದು ಎಳೆ ಇದೆ. ಕೆರೆ, ಹೊಳೆದಂಡೆ, ಅಪ್ಪೆ ಮರ, ಕೊಯ್ದ ಗದ್ದೆ, ಜಾತ್ರೆ ಬಯಲು. ಇಲ್ಲಿನ ಬೇಸಿಗೆ ಸಂತೋಷಗಳೆಲ್ಲ ನಡೆದಿದ್ದು ಊರು ಹಂಚ್ಕೊಂಡ ಜಾಗಗಳಲ್ಲಿ, ಮತ್ತೆ ಯಾವುದೋ ಕೆಲಸದ ನೆಪದಲ್ಲಿ. ಆ ಜಾಗ ಹರಾಜಾದಾಗ, ಮುಳುಗಿದಾಗ, ಬೇಲಿ ಬಿದ್ದಾಗ ಹೋಗಿದ್ದು ಬರೀ ಆಟವಲ್ಲ. ಯಾವ ಮರ ಯಾವಾಗ ಮಿಡಿ ಬಿಡುತ್ತೆ, ಯಾವ ಬಂಡೆ ಹಿಡಿದು ದಾಟಬೇಕು, ಎಷ್ಟು ಮೀನು ಬಿಟ್ಟು ಬರಬೇಕು ಅನ್ನೋ ತಿಳುವಳಿಕೆಯೂ ಹೋಯ್ತು. ಹಾಗಂತ ಹಳೇದೆಲ್ಲ ಚಿನ್ನ ಅಂತಲೂ ಅಲ್ಲ. ಕಾಗೋಡಿನವರನ್ನ ಕೇಳಿದ್ರೆ ಗೊತ್ತಾಗುತ್ತೆ.

ಈ ರಜೆಯಲ್ಲಿ ಮಕ್ಕಳನ್ನ ಊರಿಗೆ ಕರ್ಕೊಂಡು ಹೋಗೋರು ಒಂದು ಕೆಲಸ ಮಾಡಿ. ಅಜ್ಜಿಯನ್ನೋ ದೊಡ್ಡಪ್ಪನನ್ನೋ ಜೊತೆಗೆ ಕರ್ಕೊಂಡು ಹಳೇ ಕಾಲುದಾರಿಯಲ್ಲಿ ಒಮ್ಮೆ ಹೊಳೆವರೆಗೆ ನಡೀರಿ. ದಾರಿಯಲ್ಲಿ ಸಿಗೋ ಮರ, ಬಂಡೆ, ಗುಂಡಿ, ತಿರುವು, ಎಲ್ಲದಕ್ಕೂ ಅವರ ಹತ್ರ ಹೆಸರಿರುತ್ತೆ. ಬರ್ಕೊಳ್ಳಿ, ಇಲ್ಲಾ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನಿಮ್ಮೂರಿನ ಒಂದು ಅಪ್ಪೆ ಮರದ ಹೆಸರು, ಇಲ್ಲಾ ನೀರಲ್ಲಿ ಮುಳುಗಿದ ಒಂದು ಊರಿನ ಹೆಸರು ಕೆಳಗೆ ಕಮೆಂಟಲ್ಲಿ ಬರೀರಿ. ಎಲ್ಲ ಸೇರಿಸಿ ಮುಂದಿನ ಸರಣಿಯಲ್ಲಿ ಒಂದು ಪಟ್ಟಿ ಹಾಕ್ತೀನಿ.

#ಮಲೆನಾಡು #ಬೇಸಿಗೆ #ಶರಾವತಿ #ಕೆರೆಬೇಟೆ #ಅಪ್ಪೆಮಿಡಿ #ಮಡೆನೂರು #ಊರಿನಇತಿಹಾಸ